ಕಳಿಸಿದ್ದು ಹೊಸದು, ವಾಪಸ್ ಬಂದಿದ್ದು ಹಳೇದು: ಈಗ ಏನು ಮಾಡಲಿ?

ಪ್ರಶ್ನೆ: ನಾನು ಆನ್‌ಲೈನ್‌ನಲ್ಲಿ ಹೆಡ್‌ಫೋನ್ ಮಾರುತ್ತೇನೆ. ಒಬ್ಬ ಗಿರಾಕಿ "ಒಂದು ಕಿವಿಯಲ್ಲಿ ಸದ್ದು ಬರ್ತಿಲ್ಲ" ಅಂತ ರಿಟರ್ನ್ ಹಾಕಿದರು. ಒಪ್ಪಿಕೊಂಡೆ. ಪಾರ್ಸೆಲ್ ಬಿಚ್ಚಿದರೆ ಅದೇ ಮಾಡೆಲ್, ಆದರೆ ಸವೆದು ಹೋದ ಹಳೇ ಪೀಸ್. ನಾನು ಕಳಿಸಿದ್ದು ಇದಲ್ಲ. ಈಗ ಪೂರ್ತಿ ದುಡ್ಡು ವಾಪಸ್ ಕೊಡಿ ಅಂತ ಪಟ್ಟು ಹಿಡಿದಿದ್ದಾರೆ. ಕೊಡಲೇಬೇಕಾ? ನನ್ನ ಮಾತನ್ನು ಯಾರು ನಂಬುತ್ತಾರೆ?

ಉತ್ತರ: ಮೊದಲು ಇವತ್ತೇ ಮಾಡಬೇಕಾದ ಕೆಲಸ ಹೇಳುತ್ತೇನೆ. ರೀಫಂಡ್ ಬಟನ್ ಒತ್ತಬೇಡಿ. ಹಾಗಂತ ಸುಮ್ನೆ ಕೂರಲೂ ಬೇಡಿ. ರಿಟರ್ನ್ ಪಾರ್ಸೆಲ್ ನಿಮ್ಮ ಕೈ ಸೇರಿದೆ ಅಂತ ಟ್ರ್ಯಾಕಿಂಗ್‌ನಲ್ಲಿ ಬಂದ ಕ್ಷಣದಿಂದ ಗಡುವು ಶುರುವಾಗಿದೆ. ಅದು ತುಂಬಾ ಚಿಕ್ಕದು. ಅಷ್ಟರಲ್ಲಿ ನೀವು ತಕರಾರು ದಾಖಲಿಸದಿದ್ದರೆ ಎಷ್ಟೋ ಮಾರಾಟದ ತಾಣಗಳು ತಾವೇ ಗಿರಾಕಿಗೆ ದುಡ್ಡು ಕೊಟ್ಟು ನಿಮ್ಮ ಖಾತೆಯಿಂದ ಕಳೆದುಬಿಡುತ್ತವೆ. ಇಬೇ ಅನ್ನುವ ಮಾರಾಟದ ತಾಣದಲ್ಲಿ ಅದಕ್ಕೂ ಮುಂಚಿನ ಹಂತದಲ್ಲಿ, ಅಂದರೆ ರಿಟರ್ನ್ ಕೋರಿಕೆಗೆ ಉತ್ತರಿಸಲು, ಸಿಗುವುದೇ ಕೆಲಸದ 3 ದಿನ. ಪೇಪಾಲ್‌ನಲ್ಲಿ (ಇದು ಆನ್‌ಲೈನ್ ಪಾವತಿ ಸೇವೆ) ದೂರು ಕ್ಲೇಮ್ ಹಂತಕ್ಕೆ, ಅಂದರೆ ಅವರೇ ತೀರ್ಮಾನಿಸುವ ಹಂತಕ್ಕೆ ಹೋದರೆ ಮಾರಾಟಗಾರರಿಗೆ ಸಾಮಾನ್ಯವಾಗಿ 10 ದಿನ. ನ್ಯಾಯ ನಮ್ಮ ಕಡೆ ಇದ್ದೂ ದಿನ ದಾಟಿದ್ದಕ್ಕೇ ದುಡ್ಡು ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಇನ್ನು "ನನ್ನ ಮಾತನ್ನು ಯಾರು ನಂಬುತ್ತಾರೆ" ಅಂದಿರಲ್ಲ, ಇಡೀ ವಿಷಯ ನಿಂತಿರುವುದೇ ಅಲ್ಲಿ. ನಿಮ್ಮ ಕೇಸ್ ತೀರ್ಮಾನ ಮಾಡುವವರು ಆ ಹೆಡ್‌ಫೋನನ್ನು ಯಾವತ್ತೂ ಕಣ್ಣಾರೆ ನೋಡುವುದಿಲ್ಲ. ನಿಮ್ಮನ್ನಾಗಲಿ, ಗಿರಾಕಿಯನ್ನಾಗಲಿ ಅವರು ಬಲ್ಲವರಲ್ಲ. ಅವರ ಮುಂದೆ ಇಂಥ ಕೇಸುಗಳ ರಾಶಿಯೇ ಇರುತ್ತದೆ. ನೀವು ಎಷ್ಟು ವರ್ಷದಿಂದ ವ್ಯಾಪಾರ ಮಾಡುತ್ತಿದ್ದೀರಿ, ಎಷ್ಟು ಪ್ರಾಮಾಣಿಕರು ಅನ್ನುವುದೆಲ್ಲ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹೋದದ್ದು ಇದು, ಬಂದದ್ದು ಅದು, ಎರಡೂ ಒಂದೇ ಅಲ್ಲ. ಈ ಮೂರು ಸಂಗತಿ ಒಂದೇ ನೋಟಕ್ಕೆ ಕಾಣುವ ಹಾಗೆ ಅವರ ಮುಂದೆ ಇಡಬೇಕು, ಅಷ್ಟೇ.

ಹಾಗಾದರೆ ನಿಮ್ಮ ಹತ್ತಿರ ಏನೇನಿದೆ ಅಂತ ಹುಡುಕೋಣ. ಕಳಿಸುವ ಮುಂಚೆ ಸೀರಿಯಲ್ ನಂಬರ್ ಬರೆದಿಟ್ಟಿದ್ದೀರಾ? ಬರೆದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಇಲ್ಲದಿದ್ದರೂ ಕೈಚೆಲ್ಲಬೇಡಿ. ನಿಮಗೆ ಮಾಲು ಕೊಟ್ಟ ಸಗಟು ವ್ಯಾಪಾರಿಯ ಬಿಲ್ಲಿನಲ್ಲಿ ನಂಬರ್ ಇರಬಹುದು. ಮಾರಾಟಕ್ಕೆ ಹಾಕಿದ ಫೋಟೋವನ್ನು ದೊಡ್ಡದು ಮಾಡಿ ನೋಡಿ. ಪೆಟ್ಟಿಗೆಯ ಮೇಲಿನ ಸ್ಟಿಕ್ಕರ್ ಒಂದು ಮೂಲೆಯಲ್ಲಿ ಸಿಕ್ಕಿರಬಹುದು. ವಾಪಸ್ ಬಂದ ಪೀಸಿನ ಸೀರಿಯಲ್ ನಂಬರನ್ನು ತಯಾರಕ ಕಂಪನಿಯ ವಾರಂಟಿ ವಿಭಾಗಕ್ಕೆ ಕೊಟ್ಟು ಕೇಳಿ ನೋಡಿ. ಯಾವಾಗ ತಯಾರಾದದ್ದು, ಯಾವಾಗ ನೋಂದಾಯಿಸಿದ್ದು ಅಂತ ಕೆಲವು ಕಂಪನಿಗಳು ತಿಳಿಸುತ್ತವೆ. ನೀವು ಹೋದ ತಿಂಗಳು ಮಾರಿದ ಹೊಸ ವಸ್ತು ಎರಡು ವರ್ಷದ ಹಿಂದೆಯೇ ನೋಂದಣಿ ಆಗಿದೆ ಅಂದರೆ ಮತ್ತೆ ಮಾತೇ ಬೇಕಿಲ್ಲ, ಅಲ್ವಾ?

ಬಹಳ ಜನ ಮರೆಯುವ ಸಾಕ್ಷಿ ಇನ್ನೊಂದಿದೆ. ಅದು ತೂಕ. ಹೋಗುವಾಗಲೂ ಬರುವಾಗಲೂ ಕೊರಿಯರ್‌ನವರು ಸಾಮಾನ್ಯವಾಗಿ ಪಾರ್ಸೆಲ್ ತೂಗಿರುತ್ತಾರೆ. ಆ ತೂಕ ಲೇಬಲ್ ಮೇಲೆ, ರಸೀದಿಯಲ್ಲಿ, ಇಲ್ಲವೇ ಅವರ ದಾಖಲೆಯಲ್ಲಿ ಇರುತ್ತದೆ. ಹೋಗುವಾಗ 900 ಗ್ರಾಂ ಇದ್ದ ಪಾರ್ಸೆಲ್ ಬರುವಾಗ 400 ಗ್ರಾಂ ಇದ್ದರೆ ಒಳಗಿನ ಮಾಲು ಬದಲಾಗಿದೆ ಅಂತ ಹೇಳಲು ನೀವು ಬೇಡ. ಈ ಸಾಕ್ಷಿಯ ಬೆಲೆ ಜಾಸ್ತಿ, ಯಾಕೆಂದರೆ ಇದನ್ನು ತಯಾರಿಸಿದ್ದು ನೀವಲ್ಲ, ಗಿರಾಕಿಯೂ ಅಲ್ಲ. ಖಾಲಿ ಪೆಟ್ಟಿಗೆ, ಕಲ್ಲು ಇಟ್ಟಿಗೆ ತುಂಬಿ ಕಳಿಸುವ ಕೇಸುಗಳಲ್ಲಿ ಎಷ್ಟೋ ಸಲ ಉಳಿಸುವುದು ಇದೇ. ನಿಮ್ಮ ಕೇಸಿನಲ್ಲಿ ಎರಡೂ ಒಂದೇ ಮಾಡೆಲ್ ಆದ್ದರಿಂದ ಅಷ್ಟು ವ್ಯತ್ಯಾಸ ಸಿಗದೇ ಹೋಗಬಹುದು. ಆದರೂ ಕೇಬಲ್, ಚೀಲ, ಚಾರ್ಜರ್ ಇಲ್ಲದೆ ವಾಪಸ್ ಬಂದಿದ್ದರೆ ತೂಕದಲ್ಲಿ ಅದು ಗೊತ್ತಾಗುತ್ತದೆ. ಕೇಳಿ ತೆಗೆದುಕೊಳ್ಳಿ.

ಈಗ ಗಿರಾಕಿಗೆ ಏನು ಬರೆಯುವುದು? ಇಲ್ಲೇ ಹೆಚ್ಚಿನವರು ಎಡವುವುದು. ಸಿಟ್ಟಿನಲ್ಲಿ "ನೀವು ಕಳ್ಳರು, ಪೊಲೀಸರಿಗೆ ಹೇಳ್ತೀನಿ" ಅಂತ ಬರೆದುಬಿಡುತ್ತಾರೆ. ನಾಳೆ ತೀರ್ಮಾನ ಮಾಡುವವರು ಆ ಮಾತನ್ನೂ ಓದುತ್ತಾರೆ ಅನ್ನುವುದು ಆಗ ನೆನಪಿರುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ ಒಂದಿದೆ. ಎದುರಿನವರು ನಿಜಕ್ಕೂ ತಪ್ಪಾಗಿ ಕಳಿಸಿರಬಹುದು. ಹಳೇದು ಕೆಟ್ಟಿತು ಅಂತಲೇ ಅದೇ ಮಾಡೆಲ್‌ನ ಹೊಸದು ಕೊಳ್ಳುವವರು ಎಷ್ಟೋ ಮಂದಿ. ಎರಡೂ ಮೇಜಿನ ಮೇಲೆ ಇದ್ದಾಗ ಹಳೇದು ಪೆಟ್ಟಿಗೆ ಸೇರುವುದು ಕಷ್ಟವೇನಲ್ಲ.

ನಾನು ಹಳೇ ಕ್ಯಾಮೆರಾ ಲೆನ್ಸ್‌ಗಳನ್ನು ಮಾರುತ್ತೇನೆ. ಶುರುವಿನ ವರ್ಷಗಳಲ್ಲಿ ಒಬ್ಬರು ವಾಪಸ್ ಕಳಿಸಿದ ಲೆನ್ಸ್‌ನ ನಂಬರ್ ನನ್ನ ಪುಸ್ತಕದ ನಂಬರ್‌ಗೆ ಹೊಂದಲಿಲ್ಲ. ಮೋಸ ಅಂತ ಖಾತ್ರಿಯಾಗಿ ಕಟುವಾಗಿ ಬರೆದೆ. ಎರಡು ದಿನ ಬಿಟ್ಟು ನೋಡಿದರೆ ಆ ನಂಬರಿನ ಲೆನ್ಸ್ ನನ್ನ ಕಪಾಟಿನಲ್ಲೇ ಇತ್ತು. ಪ್ಯಾಕ್ ಮಾಡುವಾಗ ಎರಡನ್ನು ಅದಲು ಬದಲು ಮಾಡಿದ್ದು ನಾನೇ. ಕ್ಷಮೆ ಕೇಳಿ ಪೂರ್ತಿ ದುಡ್ಡು ಕೊಟ್ಟೆ. ಅವರು ಒಂದು ಮಾತೂ ಆಡಲಿಲ್ಲ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ಆವತ್ತಿನಿಂದ ಮೊದಲ ಪತ್ರದಲ್ಲಿ ಯಾರ ಮೇಲೂ ಆರೋಪ ಹೊರಿಸುವುದಿಲ್ಲ.

ಹೀಗೆ ಬರೆಯಿರಿ: "ನಮಸ್ಕಾರ. ನಿಮ್ಮ ಪಾರ್ಸೆಲ್ ನಿನ್ನೆ ತಲುಪಿತು. ಅದರಲ್ಲಿರುವ ಹೆಡ್‌ಫೋನ್‌ನ ಸೀರಿಯಲ್ ನಂಬರ್ ನಾವು ಕಳಿಸಿದ ಹೆಡ್‌ಫೋನ್‌ನ ನಂಬರ್‌ಗೆ ಹೊಂದುತ್ತಿಲ್ಲ. ಎರಡರ ಫೋಟೋ ಲಗತ್ತಿಸಿದ್ದೇನೆ. ಬಹುಶಃ ಬೇರೊಂದು ಹೆಡ್‌ಫೋನ್ ಪೆಟ್ಟಿಗೆ ಸೇರಿರಬೇಕು. ದಯವಿಟ್ಟು ಒಮ್ಮೆ ನೋಡಿ. ನಮ್ಮದನ್ನು ಕಳಿಸಿಕೊಟ್ಟರೆ ರೀಫಂಡ್ ಕೂಡಲೇ ಆಗುತ್ತದೆ, ಇದನ್ನು ನಿಮಗೆ ವಾಪಸ್ ಕಳಿಸುತ್ತೇನೆ." ಇಷ್ಟು ಸಾಕು. ತಪ್ಪಾಗಿ ಕಳಿಸಿದವರಿಗೆ ಸರಿ ಮಾಡಿಕೊಳ್ಳಲು ದಾರಿ ಸಿಗುತ್ತದೆ. ಬೇಕಂತಲೇ ಕಳಿಸಿದವರಿಗೂ ಮುಖ ಉಳಿಸಿಕೊಂಡು ಹಿಂದೆ ಸರಿಯಲು ಒಂದು ಬಾಗಿಲು ತೆರೆದಿರುತ್ತದೆ. ಇಷ್ಟಕ್ಕೇ ಬಗೆಹರಿದ ಕೇಸುಗಳೂ ನನ್ನ ಅನುಭವದಲ್ಲಿವೆ. ಈ ಮಾತುಕತೆ ಎಲ್ಲವೂ ಮಾರಾಟದ ತಾಣದ ಒಳಗಿನ ಸಂದೇಶದಲ್ಲೇ ಆಗಲಿ. ಫೋನ್ ಮಾಡಿ, ವಾಟ್ಸಾಪ್‌ನಲ್ಲಿ ಮಾತಾಡೋಣ ಅಂದರೆ ಒಪ್ಪಬೇಡಿ. ಹೊರಗೆ ಆಡಿದ ಮಾತು ಕೇಸಿನ ಕಡತಕ್ಕೆ ತಾನಾಗಿ ಸೇರುವುದಿಲ್ಲ.

ಅವರು ಒಪ್ಪದಿದ್ದರೆ ತಾಣದವರನ್ನು ಕರೆಯಿರಿ. ಅವರಿಗೆ ಕೊಡುವ ಬರಹ ಒಂದು ಪುಟ ದಾಟದಿರಲಿ. ತಾರೀಖಿನ ಪ್ರಕಾರ ಬರೆಯಿರಿ: ಇಂಥ ದಿನ ಮಾರಿದ್ದು, ಇಂಥ ದಿನ ಕಳಿಸಿದ್ದು, ಇಷ್ಟು ತೂಕ, ಇಂಥ ದಿನ ತಲುಪಿದ್ದು, ಇಂಥ ದಿನ ವಾಪಸ್ ಬಂದದ್ದು, ಇಷ್ಟು ತೂಕ, ಈ ನಂಬರ್. ಎರಡು ಫೋಟೋ ಪಕ್ಕಪಕ್ಕ ಇಟ್ಟು ನಂಬರ್ ಸುತ್ತ ಕೆಂಪು ಗೆರೆ ಎಳೆಯಿರಿ. ವಿಡಿಯೋ ಇದ್ದರೆ ಅದರಿಂದ ಮುಖ್ಯವಾದ ನಾಲ್ಕೈದು ಚಿತ್ರ ತೆಗೆದು ಕೊಡಿ. ಎಷ್ಟೋ ಕಡೆ ವಿಡಿಯೋ ಹಾಕಲು ಜಾಗವೇ ಇರುವುದಿಲ್ಲ. ಬ್ಯಾಂಕಿಗೆ ಹೋಗುವ ಕೇಸಿನಲ್ಲಂತೂ ಲಿಂಕ್ ಕೊಟ್ಟರೆ ಅಲ್ಲಿನವರು ತೆರೆದು ನೋಡುತ್ತಾರೆ ಅಂತ ನಂಬಿ ಕೂರಬೇಡಿ. ಅಲ್ಲೂ ಸೋತರೆ ಒಮ್ಮೆ ಮೇಲ್ಮನವಿ ಹಾಕಿ. ಆಗ ಕೆಲವು ಕಡೆ ಪೊಲೀಸ್ ದೂರಿನ ಪ್ರತಿ ಕೇಳುತ್ತಾರೆ. ದೂರು ಕೊಡುವುದಾದರೆ ಇದ್ದದ್ದನ್ನು ಇದ್ದ ಹಾಗೆ ಬರೆದು ಕೊಡಿ, ಒಂದು ಮಾತೂ ಹೆಚ್ಚಿಗೆ ಬೇಡ.

ಬ್ಯಾಂಕ್ ಅಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ತಾಣದಲ್ಲಿ ಸೋತ ಗಿರಾಕಿ ತನಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗಿ ಚಾರ್ಜ್‌ಬ್ಯಾಕ್, ಅಂದರೆ ಕೊಟ್ಟ ದುಡ್ಡನ್ನು ವಾಪಸ್ ಎಳೆದುಕೊಡಿ ಅನ್ನುವ ತಕರಾರು, ಹಾಕಬಹುದು. ಅಲ್ಲಿ ತಾಣದ ತೀರ್ಪಿಗೆ ಬೆಲೆ ಇಲ್ಲ, ಕೇಸ್ ಮೊದಲಿನಿಂದ ಶುರು. ಈ ವ್ಯವಸ್ಥೆ ಕೊಳ್ಳುವವರ ಕಡೆ ಯಾಕೆ ವಾಲುತ್ತದೆ ಅಂತ ಸಿಟ್ಟು ಬರುತ್ತದೆ. ಅದರ ಹುಟ್ಟು ತಿಳಿದರೆ ಅರ್ಥವಾಗುತ್ತದೆ. ಅಮೆರಿಕದಲ್ಲಿ 1974ರಲ್ಲಿ ಫೇರ್ ಕ್ರೆಡಿಟ್ ಬಿಲ್ಲಿಂಗ್ ಆಕ್ಟ್ ಅನ್ನುವ ಕಾನೂನು ಬಂತು. ಬಿಲ್ಲಿನಲ್ಲಿ ತಪ್ಪು ಇದ್ದರೆ, ಮಾಲು ಬರದಿದ್ದರೆ ತಕರಾರು ಹೂಡುವ ಹಕ್ಕನ್ನು ಅದು ಕಾರ್ಡ್ ಇಟ್ಟುಕೊಂಡವರಿಗೆ ಕೊಟ್ಟಿತು. ಕಾರ್ಡ್ ಕಳುವಾದವರು, ದುಡ್ಡು ಕೊಟ್ಟು ಮಾಲು ಸಿಗದವರು ಇದರಿಂದ ಬದುಕಿಕೊಂಡರು. ಆ ರಕ್ಷಣೆ ಬೇಕೇ ಬೇಕು. ಗುರುತಿಲ್ಲದ ನಮ್ಮಂಥವರ ಹತ್ತಿರ ಜನ ಧೈರ್ಯವಾಗಿ ಕೊಳ್ಳುತ್ತಿರುವುದೂ ಅದರಿಂದಲೇ.

ವೀಸಾ ಕಾರ್ಡಿನಲ್ಲಿ ಹೆಚ್ಚಿನ ತಕರಾರುಗಳಿಗೆ 120 ದಿನಗಳ ಅವಧಿ ಇದೆ. ಪೇಪಾಲ್‌ನಲ್ಲಿ ದುಡ್ಡು ಕೊಟ್ಟ ದಿನದಿಂದ 180 ದಿನ. ಅಂದರೆ ಒಂದು ಮಾರಾಟದ ದಾಖಲೆಯನ್ನು ಕಡಿಮೆ ಅಂದರೂ ಆರೇಳು ತಿಂಗಳು ಇಟ್ಟುಕೊಳ್ಳಬೇಕು. ಚಾರ್ಜ್‌ಬ್ಯಾಕ್ ಬಂದಾಗ ತಕರಾರಿನ ಕಾರಣ ಹೇಳುವ ಅದರ ಕೋಡ್ ನೋಡಿ. ವೀಸಾದಲ್ಲಿ 13.1 ಅಂದರೆ ಮಾಲು ತಲುಪಿಲ್ಲ, 13.3 ಅಂದರೆ ಹೇಳಿದ ಹಾಗಿಲ್ಲ ಅಥವಾ ಕೆಟ್ಟಿದೆ, 10.4 ಅಂದರೆ "ನನ್ನ ಕಾರ್ಡನ್ನು ಬೇರೆ ಯಾರೋ ಬಳಸಿದ್ದಾರೆ" ಅನ್ನುವ ದೂರು. 13.3ಕ್ಕೆ ನೀವು ಡೆಲಿವರಿ ರಸೀದಿ ಮಾತ್ರ ಕಳಿಸಿದರೆ ಪ್ರಯೋಜನವಿಲ್ಲ. ತಲುಪಿಲ್ಲ ಅಂತ ಅವರು ಹೇಳೇ ಇಲ್ಲವಲ್ಲ. ಮಾರಾಟದ ಪುಟದ ವಿವರಣೆ, ಫೋಟೋ, ಸೀರಿಯಲ್ ನಂಬರ್, ಮಾತುಕತೆ, ಇವು ಬೇಕು. 10.4ಕ್ಕೆ 2023ರ ಏಪ್ರಿಲ್‌ನಿಂದ ಒಂದು ಒಳ್ಳೆಯ ದಾರಿಯಿದೆ. ಅದೇ ಗಿರಾಕಿ ಅದೇ ಕಾರ್ಡಿನಲ್ಲಿ ತಕರಾರಿಲ್ಲದೆ ಮಾಡಿದ 120ರಿಂದ 365 ದಿನ ಹಳೆಯ ಎರಡು ಖರೀದಿ ತೋರಿಸಿ, ಐಪಿ ವಿಳಾಸದಂಥ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ಗುರುತುಗಳು ಹೊಂದಿದರೆ ಹೊಣೆ ಕಾರ್ಡ್ ಕೊಟ್ಟ ಬ್ಯಾಂಕಿನ ಕಡೆಗೆ ತಿರುಗುತ್ತದೆ.

ಇದನ್ನಂತೂ ಮರೆಯಬೇಡಿ: ಚಾರ್ಜ್‌ಬ್ಯಾಕ್ ಶುರುವಾದ ಮೇಲೆ ನೀವಾಗಿ ಪ್ರತ್ಯೇಕ ರೀಫಂಡ್ ಕೊಡಬೇಡಿ. ದುಡ್ಡು ಆಗಲೇ ನಿಮ್ಮ ಖಾತೆಯಿಂದ ಎತ್ತಿರುತ್ತಾರೆ. ಮತ್ತೆ ಕೊಟ್ಟರೆ ಎರಡು ಸಲ ಕೊಟ್ಟ ಹಾಗೆ. "ಕೇಸ್ ವಾಪಸ್ ತಗೋತೀನಿ, ಈ ಖಾತೆಗೆ ಹಾಕಿ" ಅಂದರೂ ಬೇಡ. ಯಾವ ದಾರಿಯಲ್ಲಿ ದುಡ್ಡು ಬಂತೋ ಅದೇ ದಾರಿಯಲ್ಲಿ ವಾಪಸ್ ಹೋಗಬೇಕು.

ಮುಂದಿನ ಸಲಕ್ಕೆ ಏನು ಮಾಡಬೇಕು? ಪ್ರತಿ ಪೀಸಿನ ಸೀರಿಯಲ್ ನಂಬರನ್ನು ಆರ್ಡರ್ ನಂಬರ್ ಜೊತೆ ಒಂದೇ ಫೋಟೋದಲ್ಲಿ ಹಿಡಿಯಿರಿ. ವಸ್ತು, ವಿಳಾಸದ ಲೇಬಲ್, ತಕ್ಕಡಿಯ ಅಂಕಿ, ಮೂರೂ ಒಟ್ಟಿಗೆ. ಒಂದು ನಿಮಿಷದ ಕೆಲಸ. ನಂಬರ್ ಇಲ್ಲದ ವಸ್ತುವಾದರೆ ಸುಲಭವಾಗಿ ಕಾಣದ ಜಾಗದಲ್ಲಿ ಅಲ್ಟ್ರಾವಯಲೆಟ್ ದೀಪದಲ್ಲಿ ಮಾತ್ರ ಕಾಣುವ ಪೆನ್ನಿನಿಂದ ಗುರುತು ಹಾಕಿ. ಬಟ್ಟೆ ಮಾರುವವರಿಗೆ ಬೇರೆ ಕಾಟ. ಒಂದು ಸಮಾರಂಭಕ್ಕೆ ಉಟ್ಟು ವಾಪಸ್ ಕಳಿಸುತ್ತಾರೆ. ಅದಕ್ಕೆ ಕೊರಳಿನ ಮುಂಭಾಗದಲ್ಲಿ, ಎದ್ದು ಕಾಣುವ ಜಾಗದಲ್ಲಿ ಕತ್ತರಿಸದೆ ತೆಗೆಯಲಾಗದ ಟ್ಯಾಗ್ ಹಾಕಿ, ಅದು ಕಿತ್ತರೆ ರಿಟರ್ನ್ ಇಲ್ಲ ಅಂತ ಮೊದಲೇ ಬರೆಯಿರಿ. ಐರೋಪ್ಯ ಒಕ್ಕೂಟದ ನಿಯಮದಲ್ಲಿ ಕೊಳ್ಳುವವರು 14 ದಿನದೊಳಗೆ ಕಾರಣ ಕೊಡದೆ ಖರೀದಿ ಬೇಡ ಅನ್ನಬಹುದು. ಆದರೆ ಪರೀಕ್ಷಿಸಿ ನೋಡಲು ಬೇಕಾದ್ದಕ್ಕಿಂತ ಜಾಸ್ತಿ ಬಳಸಿ ಬೆಲೆ ಕುಗ್ಗಿಸಿದರೆ ಆ ನಷ್ಟ ಅವರದೇ.

ರಿಟರ್ನ್ ಪಾರ್ಸೆಲ್ ಬಂದಾಗ ಬಿಚ್ಚುವ ಮುಂಚೆಯೇ ವಿಡಿಯೋ ಶುರು ಮಾಡಿ. ಆರೂ ಬದಿ, ಟೇಪು, ಲೇಬಲ್, ತೂಕ, ಆಮೇಲೆ ಒಳಗಿನ ವಸ್ತು. ನಡುವೆ ನಿಲ್ಲಿಸಬೇಡಿ. ಇನ್ನು "ರಿಟರ್ನ್ ತಲುಪಿದೆ" ಅಂತ ಟ್ರ್ಯಾಕಿಂಗ್ ಹೇಳುತ್ತಿದೆ, ಆದರೆ ನಿಮ್ಮ ಕೈಗೆ ಏನೂ ಬಂದಿಲ್ಲ ಅಂದರೆ ಎಚ್ಚರ. ಲೇಬಲ್‌ನ ವಿಳಾಸ ತಿದ್ದಿ ಅದೇ ಊರಿನ ಬೇರೆ ಮನೆಗೆ ಖಾಲಿ ಕವರ್ ಕಳಿಸುವವರಿದ್ದಾರೆ. ಯಾವ ವಿಳಾಸಕ್ಕೆ ಕೊಟ್ಟಿರಿ, ಎಷ್ಟು ತೂಕವಿತ್ತು ಅಂತ ಕೊರಿಯರ್‌ನವರಿಂದ ಬರಹದಲ್ಲಿ ತೆಗೆದುಕೊಳ್ಳಿ.

ಗಿರಾಕಿಯ ಹೆಸರು, ವಿಳಾಸವನ್ನು ಎಲ್ಲೂ ಬಹಿರಂಗವಾಗಿ ಹಾಕಬೇಡಿ. ಎಷ್ಟೇ ಸಿಟ್ಟಿದ್ದರೂ ಬೇಡ. ಅದು ನಿಮಗೇ ತಿರುಗುತ್ತದೆ. ಅವರನ್ನು ಬ್ಲಾಕ್ ಮಾಡಿ, ತಾಣಕ್ಕೆ ವರದಿ ಮಾಡಿ. ಇಬೇಯಲ್ಲಿ 2008ರಿಂದ ಮಾರಾಟಗಾರರು ಕೊಳ್ಳುವವರಿಗೆ ಕೆಟ್ಟ ರೇಟಿಂಗ್ ಕೊಡುವ ಹಾಗಿಲ್ಲ. ಆದ್ದರಿಂದ ವರದಿ ಮಾಡುವುದೇ ಇನ್ನೊಬ್ಬ ಮಾರಾಟಗಾರರಿಗೆ ನೀವು ಮಾಡಬಹುದಾದ ಸಹಾಯ.

ನಿಮ್ಮ ಕೈಯಲ್ಲಿರುವ ಆ ಹಳೇ ಹೆಡ್‌ಫೋನನ್ನು ಬಿಸಾಡಬೇಡಿ, ಮಾರಲೂ ಬೇಡಿ. ಬಂದ ಪೆಟ್ಟಿಗೆ, ಲೇಬಲ್ ಸಮೇತ ಒಂದು ಚೀಲದಲ್ಲಿ ಹಾಕಿ, ಮೇಲೆ ತಾರೀಖು ಬರೆದಿಡಿ. ಮೇಲ್ಮನವಿಯಲ್ಲಿ ಅದರ ಹೊಸ ಫೋಟೋ ಕೇಳಬಹುದು. ಅಥವಾ ಆ ಗಿರಾಕಿಯೇ ಒಂದು ದಿನ "ತಪ್ಪಾಯ್ತು, ನಿಮ್ಮದು ಇಲ್ಲೇ ಇದೆ" ಅಂತ ಬರೆಯಬಹುದು. ಆಗ ಅವರ ವಸ್ತು ಅವರಿಗೆ ಕೊಡಲು ನಿಮ್ಮ ಹತ್ತಿರ ಇರಬೇಕು.