ಗೀಸರ್ ಮುಚ್ಚಳ ತೆಗೆಯಲು ಜಾಗ ಇದೆಯಾ?

ನಮ್ಮ ಮನೆಯ ಗ್ಯಾಸ್ ಗೀಸರ್ ಬಚ್ಚಲಿನ ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡಿತ್ತು. ಮೇಲೆ ಸಜ್ಜೆ, ಕೆಳಗೆ ಕಮೋಡ್. ಸರ್ವಿಸ್‌ಗೆ ಬಂದ ಮೆಕ್ಯಾನಿಕ್ ಪಕ್ಕದ ಸ್ಕ್ರೂ ಬಿಚ್ಚಲು ಒದ್ದಾಡಿದರು. ಕೈಯೇ ಹೋಗಲಿಲ್ಲ. ಕೊನೆಗೆ ಗ್ಯಾಸ್ ಬಂದ್ ಮಾಡಿ, ಪೈಪ್ ಕಳಚಿ, ಗೀಸರನ್ನೇ ಇಳಿಸಿ ಹೊರಗೆ ತಂದರು. ಮುಚ್ಚಳ ತೆಗೆದರೆ ನೀರಿಗೆ ಬಿಸಿ ದಾಟಿಸುವ ತಾಮ್ರದ ತೆಳು ರೆಕ್ಕೆಗಳ ಸಂದಿ ತುಂಬಾ ಮಸಿ. ಬರ್ನರ್ ಬಾಯಲ್ಲಿ ಜೇಡರ ಬಲೆ. "ಕೈ ಹೋಗಲ್ಲ ಅಂತ ಇಷ್ಟು ವರ್ಷ ಯಾರೂ ಬಿಚ್ಚೇ ಇಲ್ಲ" ಅಂದರು.

ಆ ಮಸಿಯನ್ನು ಬೆರಳಲ್ಲಿ ಮುಟ್ಟಿದಾಗ ಹೆದರಿಕೆಯಾಯಿತು. ಉರಿಯ ಬಿಸಿಗಾಳಿ ಮೇಲೆ ಹೋಗುವುದು ಆ ರೆಕ್ಕೆಗಳ ನಡುವಿಂದಲೇ. ಅಲ್ಲಿ ಕಟ್ಟಿಕೊಂಡರೆ ಕೆಳಗಿನಿಂದ ಹೊಸ ಗಾಳಿ ಬರುವುದಿಲ್ಲ. ಗಾಳಿ ಸಾಲದ ಉರಿ ನೀಲಿ ಬಿಟ್ಟು ಹಳದಿಯಾಗುತ್ತದೆ. ಹಳದಿ ಅಂದರೆ ಪೂರ್ತಿ ಸುಡದ ಇಂಗಾಲದ ಕಣಗಳು ಕಾದು ಹೊಳೆಯುತ್ತಿವೆ ಅಂತ. ಅದರ ಜೊತೆಗೇ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಹುಟ್ಟುತ್ತದೆ.

ಮಸಿ ಇಲ್ಲದ ಗೀಸರೂ ಬಚ್ಚಲೊಳಗೆ ಅಪಾಯವೇ. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರ್ ಸುಮಾರು 12 ಕಿಲೋವಾಟ್‌ನಷ್ಟು ಉರಿಯುತ್ತದೆ. ಅಡುಗೆಮನೆಯ ನಾಲ್ಕೈದು ಒಲೆ ಒಟ್ಟಿಗೆ ಹಚ್ಚಿದ ಹಾಗೆ. 10 ನಿಮಿಷಕ್ಕೆ ಸುಮಾರು 150 ಗ್ರಾಂ ಗ್ಯಾಸ್ ಖರ್ಚು. ಅದು ಪೂರ್ತಿ ಸುಡಲು ಬೇಕಾದ ಗಾಳಿ ಸುಮಾರು 2,000 ಲೀಟರ್. 5 ಅಡಿಗೆ 7 ಅಡಿ, 8 ಅಡಿ ಎತ್ತರದ ಬಚ್ಚಲಲ್ಲಿ ಇರುವ ಗಾಳಿಯೇ ಸುಮಾರು 8,000 ಲೀಟರ್! ಚಳಿ ಅಂತ ಕಿಟಕಿ ಮುಚ್ಚಿ, ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡಿದರೆ ಏನಾಗುತ್ತದೆ ಲೆಕ್ಕ ಹಾಕಿ. ಗಾಳಿಯ ಆಮ್ಲಜನಕ ಶೇ. 21ರಿಂದ 18ಕ್ಕೆ ಇಳಿದರೂ ಗ್ಯಾಸ್ ಪೂರ್ತಿ ಸುಡುವುದಿಲ್ಲ.

ಹಳೆ ಮನೆಗಳ ಹಂಡೆ ಒಲೆಯ ಹೊಗೆ ಕಣ್ಣು ಉರಿಸಿ ನಮ್ಮನ್ನು ಹೊರಗೆ ಓಡಿಸುತ್ತಿತ್ತು. ಹೆಂಚಿನ ಸಂದಿಯಲ್ಲಿ ಗಾಳಿಯೂ ಆಡುತ್ತಿತ್ತು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಸಿಲಿಂಡರ್ ಗ್ಯಾಸ್‌ಗಾದರೆ ಸೋರಿದ್ದು ಗೊತ್ತಾಗಲಿ ಅಂತ ವಾಸನೆ ಬೆರೆಸಿರುತ್ತಾರೆ. ಕಾರ್ಬನ್ ಮೊನಾಕ್ಸೈಡ್ ಸುಮ್ನೆ ರಕ್ತಕ್ಕೆ ಸೇರಿ, ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ, ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಂತಿ ಬಂದ ಹಾಗೆ. ಪಿತ್ತ ಜಾಸ್ತಿಯಾಗಿದೆ ಅಂದುಕೊಳ್ಳುತ್ತೇವೆ. ಅಷ್ಟರಲ್ಲಿ ಕಾಲಲ್ಲಿ ಶಕ್ತಿ ಇರುವುದಿಲ್ಲ, ಚಿಲಕ ತೆಗೆಯಲೂ ಆಗುವುದಿಲ್ಲ. ಒಳಗಿದ್ದವರು ಕೂಗಿದರೂ ಮಾತಾಡದಿದ್ದರೆ ಕಾಯಬೇಡಿ, ಬಾಗಿಲು ಒಡೆಯಿರಿ. ಗಾಳಿಗೆ ಎಳೆದು ತನ್ನಿ. ಆಸ್ಪತ್ರೆಯಲ್ಲಿ ಗೀಸರ್ ವಿಷಯ ಮೊದಲು ಹೇಳಿ.

ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಅಂತ ತುಂಬಾ ಜನ ಹೇಳುತ್ತಾರೆ. ಒಳಗೆ ಗಾಳಿ ಬರಲು ದಾರಿ ಇಲ್ಲದಿದ್ದರೆ ಅದರಿಂದ ಹೆಚ್ಚು ಉಪಯೋಗ ಇಲ್ಲ. ಗೀಸರ್ ಬಚ್ಚಲ ಹೊರಗೇ ಇರಬೇಕು. ಗಾಳಿ ಆಡುವ ಯುಟಿಲಿಟಿಯಲ್ಲೋ ಬಾಲ್ಕನಿಯಲ್ಲೋ ಹಾಕಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ತನ್ನಿ. ಬಾಡಿಗೆ ಮನೆಯಾದರೆ ಓನರ್ ಹತ್ತಿರ ಇದನ್ನು ಹಟ ಹಿಡಿದು ಕೇಳಿ, ಸಂಕೋಚ ಬೇಡ.

ಇನ್ನೊಂದು ಮಾತು. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ. ಅದು ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಸಿಲಿಂಡರ್ ಬಂದ್ ಮಾಡಿ, ಬಾಗಿಲು ತೆರೆದು, ಹೊರಗೆ ಹೋಗಿ ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ಈಗ ನಮ್ಮ ಗೀಸರ್ ಯುಟಿಲಿಟಿಯಲ್ಲಿದೆ. ಹಾಕುವಾಗ ಮೆಕ್ಯಾನಿಕ್ ಎರಡೂ ಪಕ್ಕ ಒಂದೊಂದು ಗೇಣು ಅಳೆದು ಬಿಟ್ಟರು, ಮುಂದಿನ ಸಲ ಬಿಚ್ಚುವವರ ಕೈಗೆ.