ಮಳೆ, ಮೞ ಮತ್ತು ಗದ್ದದ ಕೆಳಗೊಂದು ಸ್ಕ್ಯಾನ್

ಮೊನ್ನೆ ಕುಂಬಳೆ ಕಡೆಯಿಂದ ಒಬ್ಬರು ತಾಯಿ ಎಂಟು ವರ್ಷದ ಮಗನನ್ನು ಕರಕೊಂಡು ಬಂದಿದ್ದರು. ಮನೆಯಲ್ಲಿ ಕನ್ನಡ, ಅಂಗಳದಲ್ಲಿ ತುಳು, ಶಾಲೆಯಲ್ಲಿ ಮಲಯಾಳಂ. ನಮ್ಮ ಕಾಸರಗೋಡಲ್ಲಿ ಇದೇನು ವಿಶೇಷ ಅಲ್ಲ. ಹುಡುಗ ಮಲಯಾಳಂ ಓದುವಾಗ ಮಳೆಗೆ ‘ಮೞ’ ಅನ್ನದೆ ‘ಮಳ’ ಅನ್ನುತ್ತಾನೆ, ನಾಲಿಗೆ ದಪ್ಪ ಇರಬೇಕು, ತೋರಿಸಿ ಅಂತ ಯಾರೋ ಹೇಳಿ ಕಳಿಸಿದ್ದರು.

ಬಾಯಿ ತೆರೆಸಿ ನೋಡಿದೆ. ನಾಲಿಗೆ ನಾಲಿಗೆಯ ಹಾಗೇ ಇತ್ತು. ಮಳೆ, ಬಾಳೆ, ಕೋಳಿ, ಏಳು ಎಲ್ಲ ಸ್ಪಷ್ಟವಾಗಿ ಹೇಳಿದ. ತಮಾಷೆ ಏನೆಂದರೆ ಹಳಗನ್ನಡದಲ್ಲಿ ಈ ನಾಲ್ಕೂ ಮಾತುಗಳಲ್ಲಿ ಳ ಅಲ್ಲ, ೞ ಅನ್ನುವ ಬೇರೆಯೇ ಅಕ್ಷರ ಇತ್ತು. ಕನ್ನಡ ಅದನ್ನು ಯಾವತ್ತೋ ಬಿಟ್ಟಿತು, ಮಲಯಾಳಂ ಮತ್ತು ತಮಿಳು ಇಟ್ಟುಕೊಂಡವು. ಇದಕ್ಕೆ ಹುಡುಗ ಏನು ಮಾಡಬೇಕು?

ಆದರೆ ತಾಯಿ ಬಿಡಲಿಲ್ಲ. “ಹಾಗಾದ್ರೆ ನಾಲಿಗೆ ಎಲ್ಲಿ ಇಡಬೇಕು ಅಂತಾದ್ರೂ ಹೇಳಿ ಡಾಕ್ಟ್ರೇ.” ನಾನು ಡಾಕ್ಟ್ರಲ್ಲ, ಸ್ಪೀಚ್ ಥೆರಪಿಸ್ಟ್, ಅದಿರಲಿ. ಪ್ರಶ್ನೆ ಮಾತ್ರ ಸುಲಭದ್ದಲ್ಲ. ಮಲಯಾಳಂ ಮನೆಮಾತಿನವರನ್ನೇ ಕೇಳಿ ನೋಡಿ, “ನಾಲಿಗೆ ಸ್ವಲ್ಪ ಮಡಚಿ” ಅನ್ನುತ್ತಾರೆ, ಆಮೇಲೆ ತಾವೇ ಎರಡು ಸಲ ಹೇಳಿ ನೋಡಿ ಗೊಂದಲಕ್ಕೆ ಬೀಳುತ್ತಾರೆ. ದಿನಾ ಸಾವಿರ ಸಲ ಆಡುವ ಅಂಗ, ಆದರೆ ಒಳಗೆ ಏನು ಮಾಡುತ್ತಿದೆ ಅಂತ ಅದರ ಯಜಮಾನನಿಗೇ ಗೊತ್ತಿಲ್ಲ.

ಅದಕ್ಕೇ ಮಾತಿನ ವಿಷಯ ಓದುವವರು ಆಸ್ಪತ್ರೆಯ ಯಂತ್ರಗಳ ಹಿಂದೆ ಬಿದ್ದದ್ದು. ಮೊದಲು ಎಕ್ಸ್‌ರೇ. ನಾಲಿಗೆ ಮೆತ್ತಗಿನ ಮಾಂಸ, ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣದು ಅಂತ ಅದರ ಮೇಲೆ ಸಣ್ಣ ಸೀಸದ ಸರಪಳಿ ಇಟ್ಟುಕೊಂಡು ಚಿತ್ರ ತೆಗೆದವರೂ ಇದ್ದಾರೆ. ವಿಕಿರಣದ ಭಯದಿಂದ ಅದು ಕಡಿಮೆಯಾಯಿತು. ಈಗ ಎಂಆರ್‌ಐ. ತುಟಿಯಿಂದ ಗಂಟಲಿನ ತನಕ ಮಾತಿನ ದಾರಿಯನ್ನೆಲ್ಲ ಸಿನಿಮಾದ ಹಾಗೆ ತೋರಿಸುತ್ತದೆ. 1999ರಲ್ಲಿ ಅಮೆರಿಕದ ಸಂಶೋಧಕರು ತಮಿಳಿನ ರ, ಲ, ಳ, ೞ ಗುಂಪನ್ನು ಇದರಲ್ಲೇ ನೋಡಿದ್ದರು. ತೊಂದರೆಗಳೂ ಇವೆ. ಅಂಗಾತ ಮಲಗಿ ಮಾತಾಡಬೇಕು, ಆಗ ನಾಲಿಗೆ ಭಾರಕ್ಕೆ ಸ್ವಲ್ಪ ಹಿಂದೆ ಜಾರುತ್ತದೆ. ಹಲ್ಲು ಚಿತ್ರದಲ್ಲಿ ಬರುವುದೇ ಇಲ್ಲ. ಯಂತ್ರದ ಸದ್ದಿನಲ್ಲಿ ನಿಮ್ಮ ಮಾತು ನಿಮಗೇ ಕೇಳದು.

ನಮ್ಮಂಥವರಿಗೆ ಎಟುಕುವುದು ಅಲ್ಟ್ರಾಸೌಂಡ್. ಗದ್ದದ ಕೆಳಗೆ ಜೆಲ್ ಹಚ್ಚಿ ಪ್ರೋಬ್ ಇಟ್ಟರೆ ಶಬ್ದದ ಅಲೆ ನಾಲಿಗೆಯ ಮಾಂಸದ ಮೂಲಕ ಮೇಲೆ ಹೋಗುತ್ತದೆ, ಮೇಲಿನ ಗಾಳಿ ಸಿಕ್ಕಿದ ಕೂಡಲೇ ವಾಪಸ್ ಬರುತ್ತದೆ. ಪರದೆಯಲ್ಲಿ ನಾಲಿಗೆಯ ಬೆನ್ನು ಒಂದು ಬಿಳಿ ಗೆರೆ. ಆದರೆ ಭಾರತದಲ್ಲಿ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾನೂನು ಇದೆಯಲ್ಲ, ಅದರಿಂದಾಗಿ ನೋಂದಣಿ ಇಲ್ಲದ ಕಡೆ ಈ ಯಂತ್ರ ಇಡುವಂತಿಲ್ಲ. ಕಾನೂನು ಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಹಾಗಾಗಿ ಒಂದು ಸಂಜೆ ರೋಗಿಗಳೆಲ್ಲ ಹೋದ ಮೇಲೆ ರೇಡಿಯಾಲಜಿಸ್ಟ್ ಗೆಳೆಯರ ಸೆಂಟರಿಗೆ ಹೋಗಿ, “ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ” ಅನ್ನುವ ಬೋರ್ಡಿನ ಕೆಳಗೆ ಕೂತು ‘ಅಟ್ಟ, ಅಳ, ಅೞ’ ಅಂತ ಹೇಳುತ್ತಿದ್ದೆ. ಪ್ರೋಬ್ ಹಿಡಿದವರು ಅವರೇ. ಹೊರಗೆ ಕೂತಿದ್ದ ನರ್ಸಮ್ಮ ಏನಂದುಕೊಂಡರೋ.

ಮೊದಲ ನಿರಾಸೆ, ನಾಲಿಗೆಯ ತುದಿ ಮೇಲೆ ಮಡಚಿದ ಕೂಡಲೇ ಮಾಯ. ತುದಿಯ ಅಡಿಯಲ್ಲಿ ಗಾಳಿ ತುಂಬಿಕೊಳ್ಳುತ್ತದೆ, ಅಲೆ ಅಲ್ಲೇ ತಿರುಗುತ್ತದೆ. ಅಂಗುಳ ಕಾಣಬೇಕಾದರೆ ಒಂದು ಗುಟುಕು ನೀರು ನುಂಗಬೇಕು. ಆದರೂ ಒಂದು ವಿಷಯ ಕಣ್ಣಿಗೆ ಹೊಡೆಯಿತು. ‘ಅಟ್ಟ’ ಅನ್ನುವಾಗ ಆ ಗೆರೆ ಒಂದು ಕ್ಷಣವೂ ಸುಮ್ನೆ ನಿಲ್ಲುವುದಿಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯವರೂ ಕೆನಡಾದವರೂ ಸೇರಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಅಳತೆ ಹಿಡಿದು ತೋರಿಸಿತ್ತು: ಕನ್ನಡದ ಒತ್ತು ಟ್ಟದಲ್ಲಿ ನಾಲಿಗೆ ಅಂಗುಳಕ್ಕೆ ತಾಗಿದ ಮೇಲೂ ಮುಂದಕ್ಕೆ ಜಾರುತ್ತಲೇ ಇರುತ್ತದೆ. ಪುಸ್ತಕದಲ್ಲಿ ಟ, ಡ, ಳ ಹುಟ್ಟುವುದಕ್ಕೆ ‘ಮೂರ್ಧನ್ಯ’ ಅಂತ ಒಂದು ಜಾಗದ ಹೆಸರಿದೆ, ಬಾಯಲ್ಲಿ ಇರುವುದು ಒಂದು ಓಟ. ಇನ್ನು ೞದಲ್ಲಿ ನಾಲಿಗೆಯ ತುದಿ ಮೇಲೆ ಹೋಗಿಯೂ ಎಲ್ಲೂ ತಾಗುವುದಿಲ್ಲ. ತಾಗದೇ ಇರುವ ಜಾಗವನ್ನು ಮಗುವಿಗೆ ಬೆರಳಿಟ್ಟು ತೋರಿಸುವುದು ಹೇಗೆ? ಮೇಲಾಗಿ ಒಂದೇ ಸದ್ದನ್ನು ಬೇರೆ ಬೇರೆ ಜನ ಬೇರೆ ಬೇರೆ ಆಕಾರದಲ್ಲಿ ತೆಗೆಯುತ್ತಾರೆ. ಅಮೆರಿಕದವರ ‘ರ್’ ಇದಕ್ಕೆ ಹೆಸರುವಾಸಿ: ಕೆಲವರ ನಾಲಿಗೆ ತುದಿ ಎತ್ತುತ್ತದೆ, ಕೆಲವರದು ನಡುವಲ್ಲಿ ಗುಡ್ಡೆ ಕಟ್ಟುತ್ತದೆ, ಕಿವಿಗೆ ಎರಡೂ ಹೆಚ್ಚುಕಮ್ಮಿ ಒಂದೇ.

ಪರದೆಯಲ್ಲಿ ತನ್ನ ನಾಲಿಗೆ ತಾನೇ ನೋಡಿಕೊಂಡು ತಿದ್ದಿಕೊಳ್ಳುವ ಥೆರಪಿ ಹೊರದೇಶಗಳಲ್ಲಿ ನಡೆಯುತ್ತದೆ. ಕಿವಿ ಕೇಳದ ಮಕ್ಕಳಿಗೆ, ವರ್ಷಗಟ್ಟಲೆ ಒಂದೇ ಸದ್ದಿನಲ್ಲಿ ಸಿಕ್ಕಿಬಿದ್ದವರಿಗೆ ಉಪಯೋಗ ಆದದ್ದಿದೆ. ಈ ಹುಡುಗನಿಗೆ ಅದು ಯಾವುದೂ ಬೇಡ. ‘ನಾಲಿಗೆ ಹೀಗೆ ಇಡು, ಹಾಗೆ ಇಡು’ ಅಂತ ಜಾಸ್ತಿ ಹೇಳಬೇಡಿ, ಚೆನ್ನಾಗಿ ೞ ಹೇಳುವವರ ಮಾತು ಕೇಳಿಸಿ, ಆಟದ ಹಾಗೆ ಹೇಳಿಸಿ ಅಂದೆ.

ತಾಯಿ ಹೊರಡುವಾಗ ಬಾಗಿಲ ಹತ್ತಿರ ನಿಂತರು. “ಅಲ್ಲ, ಪಕ್ಕದ ಮನೆ ಮಕ್ಕಳು ಮಲಯಾಳಂನವರೇ. ಅವರೂ ಮೞ ಅನ್ನುವುದಿಲ್ಲ, ‘ಮಯ’ ಅಂತಾರೆ.” ಹೌದು, ನಮ್ಮ ಕಡೆಯ ಆಡುಮಲಯಾಳಂನಲ್ಲಿ ೞ ಎಷ್ಟೋ ಮನೆಗಳಲ್ಲಿ ಯ ಆಗಿಬಿಟ್ಟಿದೆ, ಕೋೞಿ ‘ಕೋಯಿ’ ಆಗಿದೆ. ಆ ಮಕ್ಕಳನ್ನು ಯಾರೂ ನನ್ನ ಹತ್ತಿರ ಕಳಿಸಿಲ್ಲ.