ದೇಶದ ಕೋಚ್ ಕೈಗೆ ಸಿಗುವ ದಿನಗಳು

ಫುಟ್‌ಬಾಲ್ ಮ್ಯಾನೇಜರ್ ಗೇಮ್‌ನಲ್ಲಿ ದೇಶದ ತಂಡ ನಡೆಸುವ ಭಾಗ ಮತ್ತೆ ಬರಲಿದೆ ಅಂತ ಸುದ್ದಿಯಾದಾಗಿನಿಂದ ಹಾಸನದಲ್ಲಿ ನನ್ನ ಹತ್ತಿರ ಆಟ ಕಲಿಯುವ ಹುಡುಗರಿಗೆ ಬೇರೆ ಮಾತೇ ಇಲ್ಲ. ಹೆಚ್ಚಿನವರು ಫೋನಿನಲ್ಲಿ ಇ-ಫುಟ್‌ಬಾಲ್ ಆಡುವವರು. ಇಂಜಿನಿಯರಿಂಗ್ ಸೇರಿ ಕೈಗೆ ಲ್ಯಾಪ್‌ಟಾಪ್ ಬಂದ ಮೇಲೆ ಈ ಮ್ಯಾನೇಜರ್ ಹುಚ್ಚು ಹಿಡಿಯುತ್ತದೆ. ಅದರಲ್ಲಿ ಚೆಂಡು ಒದೆಯುವುದಿಲ್ಲ. ತಂಡ ಆರಿಸಬೇಕು, ತರಬೇತಿ ಹಾಕಬೇಕು, ಆಟಗಾರರನ್ನು ಕೊಳ್ಳಬೇಕು, ಮಾರಬೇಕು. ನಾನು ಹಗಲು ಮಾಡುವ ಕೆಲಸವನ್ನು ಅವರು ರಾತ್ರಿ ಕೂತು ಆಡುತ್ತಾರೆ. ಹಾಗಾಗಿ ಅವರು ಯಾವುದಕ್ಕೆ ಖುಷಿಪಡುತ್ತಾರೆ, ಯಾವುದಕ್ಕೆ ಸಿಟ್ಟಾಗುತ್ತಾರೆ ಅನ್ನುವುದನ್ನು ಗಮನವಿಟ್ಟು ಕೇಳುತ್ತೇನೆ.

ಸಿಟ್ಟಿಗೆ ಕಾರಣ ಇದೆ. ಈ ಗೇಮ್ ಮಾಡುವ ಸ್ಪೋರ್ಟ್ಸ್ ಇಂಟರಾಕ್ಟಿವ್ ಕಂಪನಿ ಹೊಸ ಆವೃತ್ತಿಯನ್ನು ಯೂನಿಟಿ ಅನ್ನುವ ಬೇರೆ ಎಂಜಿನ್ (ಗೇಮ್ ಕಟ್ಟುವ ಸಾಫ್ಟ್‌ವೇರ್) ಮೇಲೆ ಕಟ್ಟಲು ಹೊರಟಿತು. 2024ರಲ್ಲಿ, ದೇಶದ ತಂಡದ ಭಾಗ ಎಫ್‌ಎಂ 25ರಲ್ಲಿ (ಎಫ್‌ಎಂ ಅಂದರೆ ಫುಟ್‌ಬಾಲ್ ಮ್ಯಾನೇಜರ್) ಇರುವುದಿಲ್ಲ, ಮುಂದೆ ಚೆನ್ನಾಗಿ ಮಾಡಿ ಕೊಡುತ್ತೇವೆ ಅಂತ ಹೇಳಿತು. ಆಮೇಲೆ ಎಫ್‌ಎಂ 25 ಮುಂದಕ್ಕೆ ಹೋಯಿತು. 2025ರ ಫೆಬ್ರವರಿಯಲ್ಲಿ ರದ್ದೇ ಆಯಿತು. ಅದೇ ವರ್ಷ ನವೆಂಬರ್ 4ಕ್ಕೆ ಎಫ್‌ಎಂ 26 ಬಂತು. ಮಹಿಳಾ ಫುಟ್‌ಬಾಲ್ ಮೊದಲ ಸಲ ಸೇರಿತು, ಅದು ದೊಡ್ಡ ಹೆಜ್ಜೆ. ಆದರೆ ಸ್ಕ್ರೀನ್ ಮೇಲೆ ಯಾವುದು ಎಲ್ಲಿದೆ ಅಂತಲೇ ತಿಳಿಯುತ್ತಿಲ್ಲ ಅಂತ ಜನ ಗೇಮ್ ಮಾರುವ ಸ್ಟೀಮ್ ತಾಣದಲ್ಲಿ ಚೆನ್ನಾಗಿ ಬೈದರು. ದೇಶದ ತಂಡದ ಭಾಗ ಅದರಲ್ಲೂ ಇರಲಿಲ್ಲ. ಫಿಫಾ ಜೊತೆ ಒಪ್ಪಂದ ಆಗಿದೆ, 2026ರಲ್ಲಿ ಕೊಡುತ್ತೇವೆ ಅಂತ ಕಂಪನಿ ಹೇಳಿತು. ಹುಡುಗರು ಕಾಯುತ್ತಿರುವುದು ಅದಕ್ಕೆ.

ಒಬ್ಬ ಹುಡುಗ ಹೇಳಿದ ಮಾತು ನನ್ನ ತಲೆಯಲ್ಲಿ ಉಳಿದಿದೆ. "ಸಾರ್, ಹಳೇದ್ರಲ್ಲಿ ಕೆಲ್ಸಾನೇ ಇರ್ಲಿಲ್ಲ. ಟೀಮ್ ಹಾಕೋದು, 'ಮುಂದೆ' ಅನ್ನೋ ಬಟನ್ ಒತ್ತೋದು. ಎರಡು ತಿಂಗಳು ಸುಮ್ನೆ ಕೂರೋದು. ಈ ಸಲನಾದ್ರೂ ಜಾಸ್ತಿ ಕೆಲ್ಸ ಕೊಡ್ಬೇಕು." ಬಹಳಷ್ಟು ಅಭಿಮಾನಿಗಳು ಕೇಳುತ್ತಿರುವುದೂ ಇದನ್ನೇ. ನನ್ನ ಅಭಿಪ್ರಾಯ ಬೇರೆ. ದೇಶದ ಕೋಚ್ ಕೆಲಸದ ಕಷ್ಟವೇ ಆ ಖಾಲಿ ದಿನಗಳಲ್ಲಿದೆ. ಹಳೆಯ ಗೇಮ್‌ನಲ್ಲಿ ಖಾಲಿ ಇತ್ತು, ಆದರೆ ಅದರ ಬಿಸಿ ಆಡುವವನಿಗೆ ತಟ್ಟುತ್ತಿರಲಿಲ್ಲ.

ಲೆಕ್ಕ ಹಾಕಿ ನೋಡೋಣ. ದೇಶದ ಪಂದ್ಯಗಳಿಗೆ ಅಂತ ಫಿಫಾ ವರ್ಷದಲ್ಲಿ ಕೆಲವು ಅವಧಿಗಳನ್ನು ಬಿಟ್ಟುಕೊಡುತ್ತದೆ. ಇವನ್ನು ವಿಂಡೋ ಅನ್ನುತ್ತಾರೆ. 2025ರವರೆಗೆ ಇವು ಮಾರ್ಚ್, ಜೂನ್, ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್‌ನಲ್ಲಿ ಇದ್ದವು. ಸಾಮಾನ್ಯ ವಿಂಡೋ ಅಂದರೆ ಸೋಮವಾರ ಬೆಳಿಗ್ಗೆಯಿಂದ ಮುಂದಿನ ವಾರದ ಮಂಗಳವಾರ ರಾತ್ರಿವರೆಗೆ, ಒಂಬತ್ತು ದಿನ. ಅದರಲ್ಲಿ ಎರಡು ಪಂದ್ಯ. ಒಂಬತ್ತು ದಿನ ಅಂದ ತಕ್ಷಣ ಪರವಾಗಿಲ್ವಲ್ಲ ಅನಿಸುತ್ತದೆ. ಒಂದೊಂದೇ ದಿನ ಬಿಡಿಸಿದರೆ ಗೊತ್ತಾಗುತ್ತದೆ. ಭಾನುವಾರ ಕ್ಲಬ್‌ಗೆ ಆಡಿದ ಆಟಗಾರ ಸೋಮವಾರ ಪ್ರಯಾಣ ಮಾಡಿ ಸಂಜೆ ಬಂದು ಸೇರುತ್ತಾನೆ. ಮಂಗಳವಾರ ಅವನ ಕಾಲು ಓಡಲು ತಯಾರಿಲ್ಲ. ಸ್ವಲ್ಪ ಸೈಕಲ್, ಸ್ವಲ್ಪ ಸ್ಟ್ರೆಚಿಂಗ್, ಅಷ್ಟೇ. ಬುಧವಾರ ಒಂದು ಪೂರ್ತಿ ತರಬೇತಿ ಸಿಗುತ್ತದೆ. ಗುರುವಾರ ಅಥವಾ ಶುಕ್ರವಾರ ಪಂದ್ಯ. ಮರುದಿನ ವಿಶ್ರಾಂತಿ. ಎರಡನೇ ಪಂದ್ಯ ಬೇರೆ ದೇಶದಲ್ಲಿದ್ದರೆ ಇನ್ನೊಂದು ದಿನ ವಿಮಾನದಲ್ಲಿ ಹೋಯಿತು. ಸೋಮವಾರ ಪಂದ್ಯದ ಹಿಂದಿನ ದಿನದ ಹಗುರ ಅಭ್ಯಾಸ. ಮಂಗಳವಾರ ಆಟ. ರಾತ್ರಿ ಎಲ್ಲರೂ ಚೆದುರಿಹೋಗುತ್ತಾರೆ. ಹೊಸದಾಗಿ ಏನಾದರೂ ಕಲಿಸಲು ಕೋಚ್‌ಗೆ ಸಿಕ್ಕಿದ್ದು ಎರಡೋ ಮೂರೋ ಅಭ್ಯಾಸ. ನಾವು ಹಾಸನದಲ್ಲಿ ಒಂದು ವಾರದಲ್ಲಿ ಮಕ್ಕಳಿಗೆ ಕೊಡುವ ತರಬೇತಿ ಇದಕ್ಕಿಂತ ಜಾಸ್ತಿ.

2026ರಿಂದ ಸೆಪ್ಟೆಂಬರ್ ಮತ್ತು ಅಕ್ಟೋಬರ್ ವಿಂಡೋ ಎರಡನ್ನೂ ಸೇರಿಸಿ 16 ದಿನಗಳ ಒಂದೇ ವಿಂಡೋ ಮಾಡಿದ್ದಾರೆ. ಅದರಲ್ಲಿ ನಾಲ್ಕು ಪಂದ್ಯ. ಕೋಚ್‌ಗಳಿಗೆ ಇದು ಒಳ್ಳೆಯದು. ಎರಡು ಸಲ ಒಟ್ಟು ಸೇರಿಸುವ ಬದಲು ಒಂದೇ ಸಲ ಸೇರಿಸಿ, ಮೊದಲ ಪಂದ್ಯದ ತಪ್ಪನ್ನು ಮೂರನೇ ಪಂದ್ಯದ ಹೊತ್ತಿಗೆ ತಿದ್ದಬಹುದು. ಹೊಸ ಗೇಮ್ ಈ ಬದಲಾವಣೆಯನ್ನು ಹಿಡಿದಿದೆಯೋ ಇಲ್ಲವೋ ನೋಡಬೇಕು.

ಇಷ್ಟು ಕಡಿಮೆ ದಿನದಲ್ಲಿ ಏನು ಕಲಿಸಲು ಆಗುತ್ತದೆ? ಜಿಲ್ಲಾ ತಂಡ ಕಟ್ಟುವಾಗ ನನಗೂ ಇದೇ ಪ್ರಶ್ನೆ. ಸಕಲೇಶಪುರದಿಂದ ಇಬ್ಬರು, ಅರಸೀಕೆರೆಯಿಂದ ಇಬ್ಬರು, ಬೇಲೂರಿನಿಂದ ಒಬ್ಬ, ಉಳಿದವರು ಹಾಸನದವರು. ಎಲ್ಲರೂ ಬೇರೆ ಬೇರೆ ಶಾಲೆ, ಬೇರೆ ಬೇರೆ ಮೇಷ್ಟ್ರು. ಒಬ್ಬನಿಗೆ ಚೆಂಡು ಬಂದ ತಕ್ಷಣ ಮುಂದಕ್ಕೆ ಉದ್ದ ಹೊಡೆದು ಅಭ್ಯಾಸ. ಇನ್ನೊಬ್ಬನಿಗೆ ಹಿಂದಿನವನಿಗೆ ಪಾಸ್ ಕೊಟ್ಟು ಅಭ್ಯಾಸ. ನೋಡದೆಯೇ ಪಾಸ್ ಕೊಡುವ ಹೊಂದಾಣಿಕೆ ತಿಂಗಳುಗಟ್ಟಲೆ ಜೊತೆಗೆ ಆಡಿದರೆ ಮಾತ್ರ ಬರುತ್ತದೆ. ಮೂರು ದಿನದಲ್ಲಿ ಅದು ಆಗಲ್ಲ. ಆಗುವುದು ಎರಡು ಕೆಲಸ. ಚೆಂಡು ಎದುರಾಳಿ ಹತ್ತಿರ ಇದ್ದಾಗ ನಾವು ಎಲ್ಲಿ ನಿಲ್ಲಬೇಕು ಅನ್ನುವುದು. ಮತ್ತೆ ಕಾರ್ನರ್, ಫ್ರೀ ಕಿಕ್, ಥ್ರೋ. ಇವನ್ನು ನಿಂತು ಕಲಿಸಬಹುದು, ಬೋರ್ಡ್ ಮೇಲೆ ಬರೆದು ತೋರಿಸಬಹುದು, ಸುಸ್ತಾದ ಹುಡುಗನಿಗೂ ಹೇಳಿಕೊಡಬಹುದು. ದೇಶದ ತಂಡಗಳು ಯಾಕೆ ಅಷ್ಟು ಹುಷಾರಾಗಿ, ಹಿಂದೆ ನಿಂತು, ಕಾರ್ನರ್ ನಂಬಿಕೊಂಡು ಆಡುತ್ತವೆ ಅಂತ ಕೇಳುವವರಿಗೆ ಉತ್ತರ ಇದೇ. ಬಹಳ ಸಲ ಅದು ಹೆದರಿಕೆಯಲ್ಲ, ಸಮಯದ ಲೆಕ್ಕ.

ಇನ್ನೊಂದು ದಾರಿ ಇದೆ. ಈಗಾಗಲೇ ಜೊತೆಗೆ ಆಡುತ್ತಿರುವ ಗುಂಪನ್ನು ಹಾಗೇ ತಂದು ಕೂರಿಸುವುದು. ನಾನು ಸಾಧ್ಯವಾದಾಗಲೆಲ್ಲ ಹಿಂದಿನ ಸಾಲಿನ ಹುಡುಗರನ್ನು ಒಂದೇ ಶಾಲೆಯಿಂದ ತೆಗೆದುಕೊಳ್ಳುತ್ತೇನೆ. ಆ ನಾಲ್ವರಲ್ಲಿ ಒಬ್ಬನಿಗಿಂತ ಚೆನ್ನಾಗಿ ಆಡುವ ಹುಡುಗ ಬೇರೆ ತಾಲ್ಲೂಕಿನಲ್ಲಿ ಇದ್ದರೂ ಸರಿ. ಅವನ ಅಪ್ಪ ಬಂದು "ಯಾಕೆ ಸಾರ್, ನಮ್ಮ ಹುಡುಗನಲ್ಲಿ ಏನು ಕಮ್ಮಿ?" ಅಂತ ಕೇಳಿದರೆ ಕೂರಿಸಿ ವಿವರಿಸುತ್ತೇನೆ. 2010ರಲ್ಲಿ ಸ್ಪೇನ್ ವಿಶ್ವಕಪ್ ಗೆದ್ದಾಗ ಪುಯೋಲ್, ಪಿಕೆ, ಬುಸ್ಕೆಟ್ಸ್, ಶಾವಿ, ಇನಿಯೆಸ್ತಾ ಎಲ್ಲರೂ ಬಾರ್ಸಿಲೋನಾದವರು. ದಿನಾ ಜೊತೆಗೆ ಆಡುವವರು. ಕೋಚ್ ದೆಲ್ ಬೋಸ್ಕೆಗೆ ಅವರ ನಡುವಿನ ಹೊಂದಾಣಿಕೆಯನ್ನು ಹೊಸದಾಗಿ ಕಟ್ಟುವ ಕೆಲಸ ಇರಲಿಲ್ಲ. ಗೇಮ್‌ನಲ್ಲಿ ಪ್ರತಿ ಆಟಗಾರನ ಗುಣಕ್ಕೂ 1ರಿಂದ 20ರವರೆಗೆ ಅಂಕ ಇರುತ್ತದೆ. ಹುಡುಗರು ಪ್ರತಿ ಜಾಗಕ್ಕೂ ಜಾಸ್ತಿ ಅಂಕದವನನ್ನೇ ಹಾಕುತ್ತಾರೆ. ಪರಿಚಯ, ಜೊತೆಯ ಅಭ್ಯಾಸ ಇವಕ್ಕೆ ದೇಶದ ತಂಡದಲ್ಲಿ ಎಷ್ಟು ಬೆಲೆ ಕೊಡುತ್ತಾರೆ ಅನ್ನುವುದರ ಮೇಲೆ ಗೇಮ್‌ನ ಈ ಹೊಸ ಭಾಗದ ಯೋಗ್ಯತೆ ನಿಂತಿದೆ ಅಂತ ನನಗನಿಸುತ್ತದೆ.

ಆಟಗಾರ ಕ್ಲಬ್‌ನ ಸೊತ್ತು, ದೇಶದ ಕೋಚ್ ಅವನನ್ನು ಕೆಲವು ದಿನಕ್ಕೆ ಕೇಳಿ ಪಡೆಯುವವನು. ಇದನ್ನು ಹುಡುಗರಿಗೆ ಅರ್ಥ ಮಾಡಿಸುವುದು ಎಲ್ಲಕ್ಕಿಂತ ಕಷ್ಟ. ವಿಂಡೋ ಒಳಗೆ ಕ್ಲಬ್ ಕಳಿಸಲೇಬೇಕು. ಅದರ ಹೊರಗಿನ ದಿನಗಳಲ್ಲಿ ಕಳಿಸಬೇಕಾಗಿಲ್ಲ. 2025ರ ಆಗಸ್ಟ್ 1ರಂದು ಖಾಲಿದ್ ಜಮೀಲ್ ಭಾರತದ ಕೋಚ್ ಆದರು. ಮಿಜೋರಾಂನ ಐಜ್ವಾಲ್ ತಂಡವನ್ನು 2017ರಲ್ಲಿ ದೇಶದ ಕ್ಲಬ್‌ಗಳ ಐ-ಲೀಗ್‌ನಲ್ಲಿ ಚಾಂಪಿಯನ್ ಮಾಡಿದವರು. ಮೊದಲ ಕ್ಯಾಂಪ್ ಬೆಂಗಳೂರಿನಲ್ಲೇ ನಡೆಯಿತು. ಹೋಗಬೇಕಾಗಿದ್ದ ಕಾಫಾ ನೇಷನ್ಸ್ ಕಪ್ (ಮಧ್ಯ ಏಷ್ಯಾದ ಟೂರ್ನಿ) ಆಗಸ್ಟ್ ಕೊನೆಯಲ್ಲಿ, ವಿಂಡೋ ತೆರೆಯುವ ಮೊದಲೇ ಶುರುವಾಗುತ್ತಿತ್ತು. ಕೋಲ್ಕತ್ತಾದ ಮೋಹನ್ ಬಾಗಾನ್ ಕ್ಲಬ್ ತನ್ನ ಆಟಗಾರರನ್ನು ಕಳಿಸಲಿಲ್ಲ. ನಿಯಮದ ಪ್ರಕಾರ ಅದು ಸರಿ. ಇದ್ದವರನ್ನೇ ಕರೆದುಕೊಂಡು ಹೋದ ಖಾಲಿದ್ ತಜಿಕಿಸ್ತಾನವನ್ನು 2-1ರಿಂದ ಸೋಲಿಸಿ, ಇರಾನ್ ಎದುರು 0-3ರಿಂದ ಸೋತು, ಕೊನೆಗೆ ಒಮಾನ್ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದು ಮೂರನೇ ಸ್ಥಾನ ತಂದರು. ಆಗ ನನ್ನ ಹುಡುಗರ ಪ್ರಕಾರ ಖಾಲಿದ್ ದೇವರು.

ಅಕ್ಟೋಬರ್ 14ಕ್ಕೆ ಗೋವಾದ ಫಟೋರ್ಡಾದಲ್ಲಿ ಸಿಂಗಾಪುರ ಎದುರು ಭಾರತ 1-2ರಿಂದ ಸೋತಿತು. ನಮ್ಮ ಛಾಂಗ್ಟೆಯೇ ಮೊದಲು ಗೋಲು ಹೊಡೆದಿದ್ದರು. 2027ರ ಏಷ್ಯನ್ ಕಪ್ ದಾರಿ ಮುಚ್ಚಿತು. ಮರುದಿನ ಅದೇ ಹುಡುಗರು "ಕೋಚ್‌ನ ತೆಗೀಬೇಕು ಸಾರ್" ಅಂದರು. ನನಗೆ ಬೇಜಾರಾಯಿತು. ಸೋಲು ನನಗೂ ನೋವೇ. ಆದರೆ ಆ ಹೊತ್ತಿಗೆ ದೇಶದಲ್ಲಿ ಆ ಸೀಸನ್‌ನ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಶುರುವೇ ಆಗಿರಲಿಲ್ಲ. ಫೆಡರೇಷನ್ ಮತ್ತು ಲೀಗ್ ನಡೆಸುವ ಕಂಪನಿ ನಡುವಿನ ಒಪ್ಪಂದದ ತಕರಾರಿನಲ್ಲಿ ಲೀಗ್ ನಿಂತುಹೋಗಿತ್ತು. ಲೀಗ್ ಪಂದ್ಯಗಳೇ ಇಲ್ಲದೆ ಬಂದ ಆಟಗಾರನನ್ನು ಎಪ್ಪತ್ತನೇ ನಿಮಿಷದ ಓಟಕ್ಕೆ ತಯಾರು ಮಾಡಲು ಯಾವ ಕೋಚ್‌ಗೂ ಕೆಲವೇ ದಿನಗಳಲ್ಲಿ ಆಗುವುದಿಲ್ಲ. ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ. ಬೇಸಿಗೆ ರಜೆ ಮುಗಿಸಿ ಬಂದ ಹುಡುಗರು ಜೂನ್‌ನಲ್ಲಿ ಹೇಗೆ ಏದುಸಿರು ಬಿಡುತ್ತಾರೆ ಅಂತ ಪ್ರತಿ ವರ್ಷ ನೋಡುತ್ತೇನೆ.

ಹಳೆಯ ಗೇಮ್‌ನಲ್ಲಿ ಕ್ಲಬ್ ಮತ್ತು ದೇಶ ಎರಡನ್ನೂ ಒಬ್ಬನೇ ನಡೆಸಬಹುದಿತ್ತು. ಹುಡುಗರಿಗೆ ಇದು ಬಹಳ ಇಷ್ಟ. ಖಾಲಿದ್‌ಗಿಂತ ಮೊದಲು ಇದ್ದ ಮನೋಲೊ ಮಾರ್ಕೆಸ್ ನಿಜವಾಗಿಯೂ ಹಾಗೆ ಮಾಡಿದರು. ಎಫ್‌ಸಿ ಗೋವಾ ಮತ್ತು ಭಾರತ, ಎರಡೂ ಒಟ್ಟಿಗೆ. ಗೋವಾ 2025ರಲ್ಲಿ ಸೂಪರ್ ಕಪ್ ಗೆದ್ದಿತು. ಭಾರತ ಅವರ ಕೈಯಲ್ಲಿ ಗೆದ್ದದ್ದು ಒಂದೇ ಪಂದ್ಯ, ಮಾಲ್ಡೀವ್ಸ್ ವಿರುದ್ಧ 3-0. ಸುನಿಲ್ ಛೇತ್ರಿ ನಿವೃತ್ತಿಯಿಂದ ಮರಳಿ ಬಂದು ಗೋಲು ಹೊಡೆದ ಪಂದ್ಯ ಅದು. ಮನುಷ್ಯ ಒಬ್ಬನೇ, ತಿಳಿವಳಿಕೆ ಒಂದೇ. ಒಂದು ಕಡೆ ಆಟಗಾರರ ಜೊತೆ ದಿನಾ ಇದ್ದರು, ಇನ್ನೊಂದು ಕಡೆ ಇರಲಿಲ್ಲ. ಫಲಿತಾಂಶಕ್ಕೆ ಬೇರೆ ಕಾರಣಗಳೂ ಇವೆ, ಎದುರಾಳಿಗಳೂ ಬೇರೆ. ಆದರೂ ಇದು ಪೂರ್ತಿ ಕಾಕತಾಳೀಯ ಅಂತ ನಾನು ಒಪ್ಪುವುದಿಲ್ಲ.

ಇನ್ನು ಕೊಳ್ಳುವ ಮಾತು. ಕ್ಲಬ್‌ಗೆ ಸ್ಟ್ರೈಕರ್ ಬೇಕಾದರೆ ದುಡ್ಡು ಕೊಟ್ಟು ತರಬಹುದು. ದೇಶಕ್ಕೆ ಪಾಸ್‌ಪೋರ್ಟ್ ಬೇಕು. ನಮ್ಮಲ್ಲಿ ಎರಡು ದೇಶದ ಪೌರತ್ವ ಒಟ್ಟಿಗೆ ಇಟ್ಟುಕೊಳ್ಳುವ ಹಾಗಿಲ್ಲ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಭಾರತಕ್ಕೆ ಆಡಬೇಕು ಅಂತ 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತೀಯರಾದರು. ಅಷ್ಟು ದೊಡ್ಡ ತೀರ್ಮಾನ ಎಲ್ಲರಿಂದಲೂ ಕೇಳಲು ಆಗಲ್ಲ. ಬೇರೆ ದೇಶಗಳಿಗೆ ದಾರಿ ಸುಲಭ ಇದೆ. ಆಫ್ರಿಕಾದ ಪಶ್ಚಿಮಕ್ಕೆ ಇರುವ, ಸುಮಾರು ಐದು ಲಕ್ಷ ಜನರ ದ್ವೀಪ ದೇಶ ಕೇಪ್ ವರ್ಡೆ ಯುರೋಪಿನಲ್ಲಿ ಹುಟ್ಟಿ ಬೆಳೆದ ತನ್ನವರನ್ನು ಹುಡುಕಿ ಹುಡುಕಿ ಕರೆಸಿತು. ಐರ್ಲೆಂಡಿನಲ್ಲಿ ಆಡುತ್ತಿದ್ದ ರೊಬೆರ್ಟೊ ಲೋಪೆಸ್ ಅನ್ನುವ ಡಿಫೆಂಡರ್‌ನನ್ನು ಉದ್ಯೋಗ ಸಂಪರ್ಕದ ತಾಣ ಲಿಂಕ್ಡ್‌ಇನ್‌ನಲ್ಲಿ ಸಂದೇಶ ಕಳಿಸಿ ಮಾತಾಡಿಸಿದರು. 2026ರ ವಿಶ್ವಕಪ್‌ಗೆ ಕೇಪ್ ವರ್ಡೆ ಅರ್ಹತೆ ಪಡೆಯಿತು. ಕೆರಿಬಿಯನ್ ದ್ವೀಪ ಕುರಸಾವ್ ಕೂಡ ಪಡೆಯಿತು, ಅಲ್ಲಿರುವುದು ಒಂದೂವರೆ ಲಕ್ಷದಷ್ಟು ಜನ. ನಮ್ಮ ಹಾಸನ ತಾಲ್ಲೂಕಿನಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದಾರೆ. ಇದು ದೇಶದ ಕೋಚ್‌ನ ನಿಜವಾದ ಮಾರುಕಟ್ಟೆ. ಯಾರ ಅಜ್ಜಿ ಎಲ್ಲಿಯವರು, ಯಾವ ಹುಡುಗ ಇನ್ನೂ ಬೇರೆ ದೇಶಕ್ಕೆ ಆಡಿಲ್ಲ ಅಂತ ಹುಡುಕುವುದು, ಅವನ ಮನೆಯವರ ಹತ್ತಿರ ಮಾತಾಡುವುದು. ಖಾಲಿ ತಿಂಗಳುಗಳಲ್ಲಿ ಮಾಡುವ ಕೆಲಸ ಇದೇ. ಗೇಮ್‌ನಲ್ಲಿ ಇದನ್ನು ಒಂದು ಬಟನ್‌ಗೆ ಇಳಿಸಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಅರ್ಜೆಂಟೀನಾ ಕೋಚ್ ಸ್ಕಲೋನಿ ಉದಾಹರಣೆಯನ್ನು ಹುಡುಗರಿಗೆ ಆಗಾಗ ಕೊಡುತ್ತೇನೆ. 2018ರಲ್ಲಿ ಅವರನ್ನು ಅರ್ಜೆಂಟೀನಾಗೆ ತಾತ್ಕಾಲಿಕ ಅಂತ ಹಾಕಿದಾಗ ಅನುಭವ ಇಲ್ಲ ಅಂತ ಆಡಿಕೊಂಡವರೇ ಜಾಸ್ತಿ. 36 ಪಂದ್ಯ ಸೋಲದೆ 2022ರ ವಿಶ್ವಕಪ್‌ಗೆ ಬಂದು, ಮೊದಲ ಪಂದ್ಯದಲ್ಲೇ ಸೌದಿ ಅರೇಬಿಯಾ ಎದುರು 1-2ರಿಂದ ಸೋತರು. ಮೆಕ್ಸಿಕೊ ಪಂದ್ಯಕ್ಕೆ ಐದು ಜನರನ್ನು ಬದಲಿಸಿದರು. ಬದಲಿಯಾಗಿ ಇಳಿದ ಎನ್ಜೊ ಫೆರ್ನಾಂಡಿಸ್ ಗೋಲು ಹೊಡೆದ. ಪೋಲೆಂಡ್ ಎದುರು ಅವನೂ ಹುಲಿಯಾನ್ ಅಲ್ವಾರೆಸ್ ಕೂಡ ಮೊದಲಿನಿಂದಲೇ ಆಡಿದರು. ಆಮೇಲಿನದು ಎಲ್ಲರಿಗೂ ಗೊತ್ತು, ಕಪ್ ಅವರದಾಯಿತು. ಕಲಿಸಲು ದಿನ ಇರಲಿಲ್ಲ, ಆದರೆ ಯಾರನ್ನು ಕೂರಿಸಬೇಕು, ಯಾರನ್ನು ಎಬ್ಬಿಸಬೇಕು ಅನ್ನುವ ತೀರ್ಮಾನ ಕೈಯಲ್ಲಿತ್ತು. ಅದನ್ನು ಧೈರ್ಯವಾಗಿ ಮಾಡಿದರು. ಸೌದಿ ಪಂದ್ಯದ ರಾತ್ರಿ ಅಭಿಮಾನಿಗಳ ಮಾತು ಕೇಳಿ ಫೆಡರೇಷನ್ ಅವರನ್ನು ಮನೆಗೆ ಕಳಿಸಿದ್ದರೆ?

ಹಾಗಂತ ಅಭಿಮಾನಿಗಳು ಬಾಯಿ ಮುಚ್ಚಿಕೊಂಡಿರಬೇಕು ಅಂತ ನಾನು ಹೇಳುವುದಿಲ್ಲ. ಎಫ್‌ಎಂ 26 ಬಗ್ಗೆ ಜನ ದೂರಿದ್ದು ದುಡ್ಡು ಕೊಟ್ಟು ಕೊಂಡವರು ಅಂತ. ಅದು ಅವರ ಹಕ್ಕು. ಗೇಮ್‌ಗಳು ಕಂತು ಕಂತಾಗಿ ಅಪ್‌ಡೇಟ್ ಆಗಿ ಸುಧಾರಿಸುವುದು ಇಂಥ ದೂರುಗಳಿಂದಲೇ. ನನ್ನ ಕೋರಿಕೆ ದೂರಿನ ದಿಕ್ಕಿನ ಬಗ್ಗೆ. ಸ್ಟೇಡಿಯಂ ಚೆನ್ನಾಗಿ ಕಾಣಲಿ, ಜರ್ಸಿ ಅಸಲಿ ಇರಲಿ, ರಾಷ್ಟ್ರಗೀತೆ ಬರಲಿ ಅಂತ ಕೇಳುವವರು ಬಹಳ ಜನ ಇದ್ದಾರೆ. ಫಿಫಾ ಒಪ್ಪಂದದಿಂದ ಅಂಥವು ಹೇಗಿದ್ದರೂ ಬರಬಹುದು. ಕ್ಲಬ್ "ಕಳಿಸಲ್ಲ" ಅನ್ನುವ ದಿನ ಇರಲಿ ಅಂತ ಕೇಳುವವರು ಕಡಿಮೆ.

ಟ್ರೇಲರ್ ಬಂದಾಗ ಏನು ನೋಡಬೇಕು ಅಂತ ಹುಡುಗರು ಕೇಳಿದ್ದಾರೆ. ನಾನು ಮೊದಲು ನೋಡುವುದು ತರಬೇತಿಯ ಪರದೆ. ಕ್ಲಬ್‌ನಲ್ಲಿ ಇರುವ ಹಾಗೆ ವಾರಪೂರ್ತಿ ತುಂಬಿದ್ದರೆ ಮಾಡಿದವರಿಗೆ ಈ ಕೆಲಸ ಅರ್ಥವಾಗಿಲ್ಲ. ಎರಡೋ ಮೂರೋ ಖಾನೆ ಮಾತ್ರ ಇದ್ದು, ಕಾರ್ನರ್ ಕಲಿಸಲೋ ರಕ್ಷಣೆ ಕಲಿಸಲೋ ಅಂತ ಒಂದನ್ನು ಬಿಟ್ಟುಕೊಡಬೇಕಾಗಿದ್ದರೆ ಆ ಗೇಮನ್ನು ಕೊಳ್ಳಿ ಅಂತ ನಾನೇ ಹೇಳುತ್ತೇನೆ. ಆಮೇಲೆ ನೋಡುವುದು ಆಟಗಾರ ಕ್ಯಾಂಪ್‌ಗೆ ಬಂದ ಕೂಡಲೇ ಅವನ ಸುಸ್ತು ಎಷ್ಟಿದೆ ಅಂತ ತೋರಿಸುತ್ತಾರೋ ಇಲ್ಲವೋ. ಮತ್ತೆ, ಭಾರತವನ್ನು ಆರಿಸಿಕೊಂಡರೆ ಲೀಗ್ ನಿಂತ ವರ್ಷದಲ್ಲಿ ಆಟಗಾರರ ಉಸಿರು ಎಷ್ಟು ನಿಮಿಷಕ್ಕೆ ಕಟ್ಟುತ್ತದೆ ಅಂತ.